ಬಿಚ್ಚದ ಮಡಿಕೆ

ಅಮ್ಮ ನನಗೆಂದು ಹೊಲಿದ ಯಾವ ಲಂಗವೂ ನನ್ನ ಅಳತೆಯದಾಗಿರಲಿಲ್ಲ. ಅವೆಲ್ಲ ಮುಂದೆ ಎಂದೋ ಬರಲಿದ್ದ, ನನಗಿಂತ ಅರ್ಧ ಅಡಿ ಎತ್ತರದ ಯಾವಳೋ ಒಬ್ಬಳಿಗಾಗಿ ಹೊಲಿದವು. ಅವಳು ಬರುವ ತನಕ ತೊಟ್ಟು ಸವೆಸುವ ಕೆಲಸ ಮಾತ್ರ ನನ್ನದು. ಲಂಗದ ಅಂಚಿನಿಂದ ನಾಲ್ಕು ಬೆರಳು ಮೇಲೆ ಅಮ್ಮ ಬಟ್ಟೆಯನ್ನು ಒಂದಂಗುಲ ಮಡಿಸಿ ಸುತ್ತಲೂ ದಾರ ಓಡಿಸುತ್ತಿದ್ದಳು. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹೀಗೆ ಮೂರು ಮಡಿಕೆ. ವರ್ಷಕ್ಕೊಂದು ಬಿಚ್ಚಿದರೆ ಲಂಗ ಉದ್ದವಾಗುತ್ತ ಮೂರು ವರ್ಷ ಬರಬೇಕು ಎನ್ನುವುದು ಅವಳ ಅಂದಾಜು. ಬಿಚ್ಚಲು ಸುಲಭವಾಗಲಿ ಎಂದು ಹೊಲಿಗೆಯನ್ನು ಬೇಕೆಂದೇ ಸಡಿಲವಾಗಿ ಹಾಕುತ್ತಿದ್ದಳು. ದಾರವೂ ಬಟ್ಟೆಯ ಬಣ್ಣದ್ದಲ್ಲ, ಬಿಳಿಯದು. ಕತ್ತರಿ ಹಾಕುವಾಗ ಕಣ್ಣಿಗೆ ಕಾಣಬೇಕಲ್ಲ! ನನಗೂ ಒಂದು ಅಭ್ಯಾಸ ಅಂಟಿಕೊಂಡಿತ್ತು. ಸುಮ್ಮನೆ ಕೂತಾಗೆಲ್ಲ ಕೈ ಲಂಗದ ಅಂಚಿಗೆ ಹೋಗುತ್ತಿತ್ತು. ಆ ಸಡಿಲ ದಾರಕ್ಕೆ ಉಗುರು ಸಿಕ್ಕಿಸಿ ಮೀಟುತ್ತ ಕೂರುತ್ತಿದ್ದೆ. ಅಮ್ಮ ನೋಡಿದರೆ ಕೈಯ ಮೇಲೊಂದು ಬೀಳುತ್ತಿತ್ತು.

ಮುಲುಂಡಿನ ಚಾಲ್‌ನ ಎರಡನೇ ಮಾಳಿಗೆಯಲ್ಲಿ ನಮಗೆ ಎರಡು ಖೋಲಿ. ಮುಂದಿನದರಲ್ಲಿ ಅಪ್ಪನ ಮಂಚ, ಕಬ್ಬಿಣದ ಟ್ರಂಕು, ಕಿಟಕಿಯ ಕೆಳಗೆ ಅಮ್ಮನ ಹೊಲಿಗೆ ಮಿಷನ್ನು. ಹಿಂದಿನದರಲ್ಲಿ ಸ್ಟವ್ವು, ದೇವರ ಗೂಡು, ಸ್ನಾನಕ್ಕೂ ಪಾತ್ರೆಗೂ ಒಂದೇ ಆದ ಮೋರಿ. ಎರಡರ ನಡುವೆ ಬಾಗಿಲಿಲ್ಲ, ಬರಿಯ ಚೌಕಟ್ಟು. ನಮ್ಮ ಮನೆಯಲ್ಲಿ ಅತಿ ಹೆಚ್ಚು ನೋಡಿಸಿಕೊಂಡ ವಸ್ತು ಈ ಚೌಕಟ್ಟೇ ಇರಬೇಕು. ದೀಪಾವಳಿಯ ಬೆಳಗ್ಗೆ ಎಣ್ಣೆ ಸ್ನಾನವಾಗಿ, ಹೊಸ ಬಟ್ಟೆ ತೊಡುವ ಮೊದಲು, ನಾನೂ ತಂಗಿ ಸುಧಾಳೂ ಅದಕ್ಕೆ ಬೆನ್ನು ಹಚ್ಚಿ ನಿಲ್ಲಬೇಕು. ಅಪ್ಪ ನೆತ್ತಿಯ ಮೇಲೆ ಸ್ಕೇಲ್ ಇಟ್ಟು ಪೆನ್ಸಿಲಿನಿಂದ ಗೆರೆ ಎಳೆಯುವರು. ಗೆರೆ ಎಷ್ಟು ಮೇಲೆ ಹೋಗಿದೆ ಎಂದು ನೋಡಿ ಅಮ್ಮ ಮಡಿಕೆ ಬಿಚ್ಚುವಳು. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳಾದ ಸುಧಾಳ ಗೆರೆಗಳು ಏಣಿಯ ಮೆಟ್ಟಿಲುಗಳಂತೆ ಮೇಲೇರುತ್ತಿದ್ದವು. ನನ್ನದು ಹದಿಮೂರನೇ ವಯಸ್ಸಿನಲ್ಲಿ ಒಂದು ಕಡೆ ನಿಂತಿತು. ಮರುವರ್ಷ ಅಪ್ಪ ಅದೇ ಗೆರೆಯ ಮೇಲೆ ಗೆರೆ ಎಳೆದರು. ಅದರ ಮರುವರ್ಷವೂ ಅಷ್ಟೆ. ಹದಿನೇಳಕ್ಕೆ ಬರುವಷ್ಟರಲ್ಲಿ ಆ ಗೆರೆ ಕಪ್ಪಾಗಿ, ದಪ್ಪವಾಗಿ, ದೂರದಿಂದಲೂ ಕಾಣುವಂತಾಗಿತ್ತು.

"ಈ ವರ್ಷ ಇಲ್ಲ," ಎನ್ನುತ್ತಿದ್ದರು ಅಪ್ಪ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು.

"ಬರುವ ವರ್ಷ ಬೆಳೀತಾಳೆ. ನನ್ನ ದೊಡ್ಡಮ್ಮನ ಮಗಳೂ ಹೀಗೆಯೇ, ತಡವಾಗಿ ಬೆಳೆದದ್ದು," ಎನ್ನುತ್ತಿದ್ದಳು ಅಮ್ಮ.

ಆ ದೊಡ್ಡಮ್ಮನ ಮಗಳನ್ನು ನಾನು ಇಂದಿನವರೆಗೂ ನೋಡಿಲ್ಲ. ಆದರೆ ಅವಳ ಮೇಲೆ ನನಗಿದ್ದಷ್ಟು ಸಿಟ್ಟು ಬೇರೆ ಯಾರ ಮೇಲೂ ಇರಲಿಲ್ಲ. ಅವಳ ದೆಸೆಯಿಂದ ನಾನು ಬೆಳಗ್ಗೆ ಎದ್ದು ಚೌಕಟ್ಟಿನ ಮೇಲಿನ ಅಡ್ಡಪಟ್ಟಿಗೆ ಸ್ಟೂಲಿನಿಂದ ಜೋತು ಬೀಳಬೇಕಿತ್ತು, ನುಗ್ಗೆಸೊಪ್ಪಿನ ಪಲ್ಯವನ್ನು ಎರಡೆರಡು ಸಲ ಬಡಿಸಿಕೊಳ್ಳಬೇಕಿತ್ತು. ಊರಿನ ದೇವರಿಗೆ ಅಮ್ಮ ಹರಕೆ ಹೊತ್ತಿದ್ದಳಂತೆ. ದೇವರು ಅದನ್ನು ಸುಧಾಳ ಹೆಸರಿಗೆ ಬರೆದುಕೊಂಡನೇನೋ, ಅವಳು ನನ್ನ ಕಣ್ಣೆದುರೇ ಉದ್ದವಾಗುತ್ತ ಹೋದಳು. ಎಲ್ಲರ ಮನೆಯಲ್ಲಿ ಅಕ್ಕನ ಹಳೆಯ ಬಟ್ಟೆ ತಂಗಿಗೆ ಇಳಿಯುತ್ತದೆ. ನಮ್ಮಲ್ಲಿ ತಂಗಿಗೆ ಗಿಡ್ಡವಾದ ಲಂಗ ಅಕ್ಕನಿಗೆ ಬರತೊಡಗಿತು. ಅದೂ ಮಡಿಕೆ ಬಿಚ್ಚಿ, ಬಿಚ್ಚಿದ ಜಾಗದಲ್ಲಿ ಮಾಸದ ಬಣ್ಣದ ಪಟ್ಟಿಯೊಂದು ಉಳಿದು, ಮತ್ತೆ ನನಗಾಗಿ ಮಡಿಕೆ ಹಾಕಿಸಿಕೊಂಡು! ಸುಧಾ ಒಳ್ಳೆಯ ಹುಡುಗಿ, ಒಂದು ದಿನವೂ ನಗಲಿಲ್ಲ. ನಕ್ಕಿದ್ದರೆ ಜಗಳ ಮಾಡಿ ಹಗುರಾಗಬಹುದಿತ್ತು. ಅವಳು ನನ್ನ ಜೊತೆ ಬೀದಿಯಲ್ಲಿ ನಡೆಯುವಾಗ ಸ್ವಲ್ಪ ಬಗ್ಗಿ ನಡೆಯಲು ಶುರುಮಾಡಿದ್ದಳು. ಅದನ್ನು ನೋಡಿದಾಗ ನನಗೆ ಅಳುವೇ ಬರುತ್ತಿತ್ತು.

ಗಿಡ್ಡಗಿರುವುದು ಅಷ್ಟೇನೂ ಕಷ್ಟದ ಸಂಗತಿಯಲ್ಲ, ಈಗ ಎಪ್ಪತ್ತರ ಹತ್ತಿರ ಬಂದು ಹೇಳುತ್ತಿದ್ದೇನೆ. ಕಷ್ಟವಾದದ್ದು ಕಾಯುವುದು. ನಮ್ಮ ಮನೆಯಲ್ಲಿ ನನ್ನ ಮಟ್ಟಿಗೆ ಎಲ್ಲವೂ "ಬೆಳೆದ ಮೇಲೆ" ಎಂಬ ಒಂದು ಮಾತಿಗೆ ತಗುಲಿಕೊಂಡಿತ್ತು. ಲೋಕಲ್ ರೈಲಿನಲ್ಲಿ ಒಬ್ಬಳೇ ಹೋಗುವುದು ಬೆಳೆದ ಮೇಲೆ. ಮನೆಯಲ್ಲಿ ಒಬ್ಬಳೇ ಇರುವುದು, ಬಾಗಿಲ ಮೇಲಿನ ಚಿಲಕ ಕೈಗೆ ಸಿಗುವಷ್ಟು ಬೆಳೆದ ಮೇಲೆ. ನನಗೆ ಹದಿನಾಲ್ಕು ತುಂಬಿದಾಗ ಅಪ್ಪ ಸಣ್ಣ ಅಂಚಿನ, ಬದನೆ ಬಣ್ಣದ ಒಂದು ಸೀರೆ ತಂದಿದ್ದರು. ಹೂವಿಲ್ಲ, ಬುಟ್ಟಿಯಿಲ್ಲ, ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣ. ಅದನ್ನು ಮೈಮೇಲೆ ಹಿಡಿದು ನೋಡಿದ ಅಮ್ಮ, ಅಂಚು ನೆಲದ ಮೇಲೆ ಒಂದು ಗೇಣು ಹರಡಿದ್ದನ್ನು ಕಂಡು, ಮಡಿಸಿ ಟ್ರಂಕಿಗೆ ಹಾಕಿದಳು. ವರ್ಷಕ್ಕೊಮ್ಮೆ ನುಸಿಗುಳಿಗೆ ಬದಲಿಸುವಾಗ ಅದರ ಬಣ್ಣ ಕಣ್ಣಿಗೆ ಬಿದ್ದು ಮತ್ತೆ ಮರೆಯಾಗುತ್ತಿತ್ತು. ಒಮ್ಮೆ ಅಪ್ಪನ ಜೊತೆ ದಾದರಿಗೆ ಹೋಗುವಾಗ ಅವರು ಟಿಕೆಟ್ ಕಿಟಕಿಯಲ್ಲಿ "ದೋ ಫುಲ್" ಎಂದರು. ಒಳಗಿದ್ದವನು ಕತ್ತು ಹೊರಚಾಚಿ ನನ್ನನ್ನು ನೋಡಿದ.

"ಬಚ್ಚೀ ಕಾ ಹಾಫ್ ಲಗೇಗಾ, ಸೇಠ್."

"ಫುಲ್ ದೋ ನಾ, ಭಾಯಿ," ಎಂದು ಅಪ್ಪ ತುಸು ಗಟ್ಟಿಯಾಗಿಯೇ ಹೇಳಿದರು. ಆಗ ನನಗೆ ಹದಿನಾರು. ಅಪ್ಪ ಹೋಟೆಲೊಂದರ ಮ್ಯಾನೇಜರು. ಬಾಯಿ ತೆರೆದರೆ ಎಲ್ಲರೂ ಕೇಳುವಂಥ ಮನುಷ್ಯ. ಅಂದು ದಾದರ್ ಬರುವವರೆಗೆ ಎರಡೂ ಟಿಕೆಟನ್ನು ಮುಷ್ಟಿಯಲ್ಲಿ ಹಿಡಿದು ಕಿಟಕಿಯ ಹೊರಗೇ ನೋಡುತ್ತಿದ್ದರು.

ಎಸ್ಸೆಸ್ಸಿ ಮುಗಿದ ಮೇಲೆ ಸುಮ್ಮನೆ ಒಂದು ವರ್ಷ ಮನೆಯಲ್ಲಿ ಕೂತೆ. ಕಾಲೇಜು ದೂರ, ಗರ್ದಿಯಲ್ಲಿ ಹುಡುಗಿ ಕಳೆದುಹೋದಾಳು ಎನ್ನುವುದು ಮನೆಯವರ ಹೆದರಿಕೆ. ಆಗ ಅಪ್ಪನ ಹೋಟೆಲಿಗೆ ದಿನಾ ಕಾಫಿಗೆ ಬರುತ್ತಿದ್ದ ಒಬ್ಬರು ಸುದ್ದಿ ತಂದರು. ಭಾಂಡುಪಿನಲ್ಲಿ ನಮ್ಮ ಕಡೆಯವರು ಸೇರಿ ನಡೆಸುತ್ತಿದ್ದ ಕನ್ನಡ ಬಾಲವಾಡಿಗೆ ಒಬ್ಬ ಟೀಚರ್ ಬೇಕಂತೆ, ಎಸ್ಸೆಸ್ಸಿ ಆಗಿದ್ದರೆ ಸಾಕಂತೆ. ನಾನು ಅಪ್ಪನನ್ನು ಮೂರು ದಿನ ಬಿಡದೆ ಕಾಡಿದೆ. ಕೊನೆಗೆ ಅವರು ಒಂದು ಕರಾರಿನ ಮೇಲೆ ಒಪ್ಪಿದರು.

"ಒಂದು ಸಲ ಹೋಗಿ ಬಾ. ಅವರು ತಕ್ಕೊಂಡರೆ ಸರಿ. ಸಣ್ಣ ಹುಡುಗಿ ಅಂತ ವಾಪಸು ಕಳಿಸಿದರೆ ಮತ್ತೆ ಆ ಮಾತು ಎತ್ತಲಿಕ್ಕಿಲ್ಲ. ಬೆಳೆದ ಮೇಲೆ ನೋಡುವ."

ಹಾಗಾಗಿ ಆ ಒಂದು ಬೆಳಗ್ಗೆ ನಾನು ಸಣ್ಣ ಹುಡುಗಿಯಾಗಿ ಕಾಣುವಂತಿರಲಿಲ್ಲ. ನನಗೆ ತಿಳಿದ ಉಪಾಯ ಒಂದೇ, ಎಲ್ಲವನ್ನೂ ದೊಡ್ಡದು ಮಾಡುವುದು. ಅಮ್ಮನ ಸೀರೆಗಳಲ್ಲೇ ಅತಿ ದೊಡ್ಡ ಹೂವಿನದನ್ನು ಆರಿಸಿದೆ, ಕಿತ್ತಳೆ ಬಣ್ಣದ, ಒಂದೊಂದೂ ಊಟದ ತಟ್ಟೆಯಷ್ಟಗಲದ ಹೂಗಳು, ಗೇಣಗಲದ ಅಂಚು. ಆ ಕಾಲದ ಫ್ಯಾಷನ್ನಿನಂತೆ ನೆತ್ತಿಯ ಮೇಲೆ ಚೌರಿ ಇಟ್ಟು ಎತ್ತರದ ತುರುಬು. ಪಕ್ಕದ ಖೋಲಿಯವರಿಂದ ಎರವಲು ತಂದ, ಅಕ್ಕಿಚೀಲದಷ್ಟು ದೊಡ್ಡ ಕೈಚೀಲ. ಎಲ್ಲಕ್ಕಿಂತ ಮಿಗಿಲಾಗಿ ಚಪ್ಪಲಿ. ಅದಕ್ಕಾಗಿ ನಾನೂ ಸುಧಾಳೂ ದಾದರಿನಲ್ಲಿ ಗಾಡಿ ಬದಲಿಸಿ ಬಾಂದ್ರಾದ ಬೀದಿ ಅಂಗಡಿಗಳಿಗೆ ಹೋಗಿದ್ದೆವು. ಬೆಲ್‌ಬಾಟಮ್ ಹುಡುಗಿಯರು ಹಾಕುತ್ತಿದ್ದಂಥ, ಮರದ ತುಂಡಿನಂತಹ ಎರಡೂವರೆ ಅಂಗುಲದ ಹಿಮ್ಮಡಿಯ ಚಪ್ಪಲಿ. ಅದನ್ನು ಹಾಕಿ ನಿಂತಾಗ ಅಂಗಡಿಯ ಕನ್ನಡಿಯಲ್ಲಿ ಸುಧಾಳ ಕಿವಿಯ ತನಕ ಬಂದಿದ್ದೆ. ಸುಧಾ ಅಂದು ಬೆನ್ನು ನೆಟ್ಟಗೆ ಮಾಡಿ ನಿಂತಳು.

ಇನ್ನೊಂದು ಕೆಲಸವನ್ನು ಗುಟ್ಟಾಗಿ ಮಾಡಿದೆ. ಸೀರೆಯ ಒಳಲಂಗಕ್ಕೂ ಅಮ್ಮ ಮೂರು ಮಡಿಕೆ ಹಾಕಿದ್ದಳು, ಬಿಟ್ಟಾಳೆಯೇ! ಅಮ್ಮ ನೀರು ಹಿಡಿಯಲು ನಲ್ಲಿಗೆ ಹೋದಾಗ ಕತ್ತರಿ ತೆಗೆದುಕೊಂಡು ಕೆಳಗಿನ ಮಡಿಕೆಯನ್ನು ಬಿಚ್ಚಿದೆ. ಬಿಳಿ ದಾರ ಸರ್ರನೆ ಒಂದೇ ಎಳೆತಕ್ಕೆ ಬಂತು. ಎರಡಂಗುಲ ಬಟ್ಟೆ ಕೆಳಗಿಳಿಯಿತು. ನನಗೆಂದು ಹಾಕಿದ ಮಡಿಕೆಯೊಂದು ಬಿಚ್ಚಿದ್ದು ವರ್ಷಗಳ ಮೇಲೆ ಅದೇ ಮೊದಲು. ಚಪ್ಪಲಿ ಹಾಕಿಕೊಂಡೇ ಸೀರೆ ಉಟ್ಟೆ, ಹಿಮ್ಮಡಿ ಪೂರ್ತಿ ಮುಚ್ಚುವಂತೆ. ಸುಧಾ ಸುತ್ತ ಒಂದು ಸುತ್ತು ಬಂದು ನೋಡಿ, ಚಪ್ಪಲಿ ಕಾಣುವುದೇ ಇಲ್ಲ, ನಿನ್ನದೇ ಎತ್ತರ ಅನ್ನಿಸುತ್ತದೆ ಎಂದಳು. ನನಗೆ ಹಾರಬೇಕೆನ್ನಿಸಿತು, ಆದರೆ ಆ ಚಪ್ಪಲಿಯಲ್ಲಿ ನಡೆಯುವುದೇ ಕಷ್ಟವಾಗಿತ್ತು.

ಬಾಲವಾಡಿಯ ಆಫೀಸು ಒಂದು ಹಳೆಯ ಬಿಲ್ಡಿಂಗಿನ ಮೊದಲ ಮಾಳಿಗೆ. ಅಪ್ಪ ಕೆಳಗೆ ನಿಂತರು. ನಾನು ಕಟಕಟ ಸದ್ದು ಮಾಡುತ್ತ ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದೆ. ಒಳಗೆ ಸರಸ್ವತಿಯ ಪಟ, ಅದರ ಮುಂದೆ ಉರಿಯುವ ದೀಪ, ನೆಲದ ಮೇಲೆ ಚಾಪೆ. ಬಾಗಿಲ ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳು. ಹುಟ್ಟಿದಾಗಿನಿಂದ ಪ್ರತಿ ಹೊಸ್ತಿಲಲ್ಲೂ ಚಪ್ಪಲಿ ಬಿಟ್ಟು ಬೆಳೆದವಳು ನಾನು. ನಮ್ಮವರು ನಡೆಸುವ ಜಾಗ, ಒಳಗೆ ದೇವರ ಪಟ ಇರುತ್ತದೆ, ಚಪ್ಪಲಿ ಹೊರಗೇ ಬಿಡಬೇಕು ಎನ್ನುವುದು ಒಂದು ವಾರದ ತಯಾರಿಯಲ್ಲಿ ನನಗೂ ಹೊಳೆದಿರಲಿಲ್ಲ, ಸುಧಾಳಿಗೂ ಹೊಳೆದಿರಲಿಲ್ಲ. ಬೇರೆ ದಾರಿಯಿಲ್ಲದೆ ಚಪ್ಪಲಿಯಿಂದ ಕೆಳಗಿಳಿದೆ. ಸೀರೆ, ಒಳಲಂಗ ಎರಡೂ ಕಾಲ ಸುತ್ತ ನೆಲದ ಮೇಲೆ ಹರಡಿಕೊಂಡವು. ಎರಡೂ ಕೈಯಲ್ಲಿ ಹಿಡಿದು ಎತ್ತಿಕೊಂಡರೆ ಕೈಚೀಲ ಹಿಡಿಯಲು ಕೈಯಿಲ್ಲ. ಒಳಗೆ ಮೂವರು ಹಿರಿಯರು ಕುರ್ಚಿಯಲ್ಲಿ ಕೂತಿದ್ದರು, ನಡುವೆ ಕನ್ನಡಕದ ಮುಖ್ಯ ಟೀಚರ್, ಎಲ್ಲರೂ ಹೆಡ್ ಬಾಯಿ ಎಂದು ಕರೆಯುತ್ತಿದ್ದವರು. ನಮಸ್ಕಾರ ಮಾಡಬೇಕಲ್ಲ ಎಂದು ಕೈಬಿಟ್ಟು, ಕೈಮುಗಿದು, ಒಂದು ಹೆಜ್ಜೆ ಮುಂದಿಟ್ಟೆ. ನನ್ನ ಸೀರೆಯನ್ನು ನಾನೇ ಮೆಟ್ಟಿದೆ. ನಿರಿಗೆಗಳು ಒಂದೊಂದಾಗಿ ಜಾರಿ ಚಾಪೆಯ ಮೇಲೆ ಬಿದ್ದವು.

"ಅರೆ ಅರೆ, ಸಂಭಾಳಿಸ್ಕೋ ಮಗಾ," ಎಂದು ಹೆಡ್ ಬಾಯಿ ಎದ್ದು ಬಂದರು. ಉಳಿದ ಇಬ್ಬರು ಗಂಡಸರು ಮರ್ಯಾದೆಯಿಂದ ಕಿಟಕಿಯ ಹೊರಗೆ ನೋಡತೊಡಗಿದರು. ಬಾಯಿ ನನ್ನನ್ನು ಪಕ್ಕದ ಕೋಣೆಗೆ ಕರೆದೊಯ್ದು ನಿರಿಗೆ ಸಿಕ್ಕಿಸಿ ಕೇಳಿದರು.

"ಸೀರೆ ಯಾರದು?"

"ಅಮ್ಮನದು."

"ಹಾಗೆಯೇ ಅಂದ್ಕೊಂಡೆ. ನೋಡು, ಇಲ್ಲಿ ಚಿಕ್ಕ ಮಕ್ಕಳು. ದಿನಕ್ಕೆ ನೂರು ಸಲ ನೆಲದ ಮೇಲೆ ಕೂತು ಏಳ್ಬೇಕು. ಶನಿವಾರ ಮಕ್ಕಳಿರ್ತಾರೆ, ಅವತ್ತು ಬಾ. ಕೂತು ಎದ್ದು ತೋರಿಸು. ಆದ್ರೆ ನಿನ್ನ ಸೀರೆ ಉಟ್ಕೊಂಡು ಬಾ."

ನಾಲ್ಕು ದಿನಗಳ ಸಮಯ ಸಿಕ್ಕಿತ್ತು. ಆದರೆ ನನ್ನ ಸೀರೆ ಎಂಬುದೇ ನನಗಿರಲಿಲ್ಲ. ಮನೆಗೆ ಬಂದು ನಡೆದದ್ದನ್ನು ಹೇಳಿದೆ. ಅಪ್ಪ ಷರ್ಟು ಬಿಚ್ಚಿ ಗೂಟಕ್ಕೆ ಹಾಕುತ್ತ, ಒಂದು ಸಲ ಅಂದರೆ ಒಂದು ಸಲ, ಇನ್ನು ಬೆಳೆದ ಮೇಲೆ ನೋಡುವ ಎಂದರು. ಅಮ್ಮನಿಗೆ ಅದ್ಯಾವುದೂ ಕಿವಿಗೆ ಬಿದ್ದಂತಿರಲಿಲ್ಲ. ಅವಳ ಕಣ್ಣು ನನ್ನ ಒಳಲಂಗದ ಅಂಚಿನ ಮೇಲಿತ್ತು.

"ಯಾರು ಬಿಚ್ಚಿದ್ದು ಇದನ್ನು? ನನ್ನ ಹತ್ರ ಒಂದು ಮಾತು ಕೇಳದೆ ಮಡಿಕೆ ಬಿಚ್ಚಿದ್ಯಾ? ಬೆಳೆದ ಮೇಲೆ ಎಂತ ಮಾಡ್ತಿ?"

ನನಗೆ ಎಲ್ಲಿತ್ತೋ ಆ ಸಿಟ್ಟು! ಚೌಕಟ್ಟಿನ ಹತ್ತಿರ ಹೋಗಿ, ಬೆನ್ನು ಹಚ್ಚಿ ನಿಂತು, ಆ ದಪ್ಪ ಗೆರೆಯ ಮೇಲೆ ಅಂಗೈ ಬಡಿದೆ.

"ಎಲ್ಲಿ ಬೆಳೆಯುವುದಮ್ಮ? ಐದು ವರ್ಷ ಆಯ್ತು, ಇಲ್ಲಿಯೇ ಇದ್ದೇನೆ. ನಾನು ಇಷ್ಟೇ. ಇನ್ನು ಯಾರೂ ಬರುವುದಿಲ್ಲ. ನೀನು ಹೊಲಿದು ಇಟ್ಟಿದ್ದೀಯಲ್ಲ, ಆ ಹುಡುಗಿ ಬರುವುದಿಲ್ಲ!"

ಸ್ಟವ್ವಿನ ಮೇಲೆ ಕುದಿಯುತ್ತಿದ್ದ ಸಾರು ಉಕ್ಕಿತು, ಅದನ್ನು ಇಳಿಸಲೂ ಅಮ್ಮ ಏಳಲಿಲ್ಲ. ಅವಳ ಮುಖ ನೋಡಿದ ಮೇಲೆ ನನಗೆ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕೆನ್ನಿಸಿತು. ಇಷ್ಟು ವರ್ಷ ಅವಳು ಹರಕೆ ಹೊತ್ತದ್ದು, ಸೊಪ್ಪು ಬಡಿಸಿದ್ದು ನನ್ನನ್ನು ಗೋಳಾಡಿಸಲಿಕ್ಕಲ್ಲ ಎನ್ನುವುದು ನನಗೆ ಗೊತ್ತಿತ್ತು. ಗಿಡ್ಡ ಹುಡುಗಿಗೆ ಲೋಕ ಏನನ್ನೂ ಕೊಡುವುದಿಲ್ಲ ಎಂದು ಅವಳಿಗೆ ಹೆದರಿಕೆ ಇತ್ತು. ಆ ದಿನ ಭಾಂಡುಪಿನಿಂದ ನಾನು ತಂದ ಸುದ್ದಿಯೂ ಅದನ್ನೇ ಹೇಳಿತ್ತು.

ಗಲಾಟೆ ಗ್ಯಾಲರಿಯ ಕೊನೆಯ ತನಕ ಕೇಳಿಸಿರಬೇಕು. ಕೊನೆಯ ಖೋಲಿಯಲ್ಲಿ ನೀಲವ್ವ ಇದ್ದಳು. ಬಾಗಲಕೋಟೆ ಕಡೆಯವಳು, ಗಂಡ ಕಟ್ಟಡ ಕೆಲಸದ ಮೇಸ್ತ್ರಿ. ಅವಳು ಚಾಲ್‌ನ ಹೆಂಗಸರ ಸೀರೆಗಳಿಗೆ ಫಾಲ್ ಹಚ್ಚಿ, ರವಿಕೆ ಹೊಲಿದು ಕೊಡುತ್ತಿದ್ದಳು. ಚಾಲ್‌ನ ಮಕ್ಕಳಿಗೆಲ್ಲ ಅವಳು ಮೌಶಿ, ಅಂದರೆ ಚಿಕ್ಕಮ್ಮ. ಈ ನೀಲವ್ವ ಮೌಶಿ ಬೀದಿಯಲ್ಲಿ ಬರುತ್ತಿದ್ದರೆ ಜನ ತಿರುಗಿ ನೋಡುತ್ತಿದ್ದರು, ಅಷ್ಟು ಒಪ್ಪವಾಗಿ ಉಡುತ್ತಿದ್ದಳು. ಮಾರನೆಯ ದಿನ ಅವಳು ಟೇಪು ಕೊರಳಿಗೆ ಹಾಕಿಕೊಂಡು ಬಂದು ನನ್ನ ಪಕ್ಕ ನಿಂತಾಗ ನಾನು ಮೊದಲ ಸಲ ಗಮನಿಸಿದೆ. ಅವಳ ನೆತ್ತಿ ನನ್ನ ಹುಬ್ಬಿನ ಹತ್ತಿರ ಇತ್ತು. ಇಷ್ಟು ವರ್ಷ ಅವಳನ್ನು ಯಾರಾದರೂ ಗಿಡ್ಡ ಎಂದು ಕರೆದದ್ದು ನನಗೆ ನೆನಪಿಲ್ಲ.

"ಯಾಕವಾ, ಮಾರಿ ಹಿಂಗ ಸಣ್ಣ ಮಾಡ್ಕೊಂಡು ಕುಂತಿ? ಏಳು, ನಿಂದ್ರು. ನಿನ್ನ ಎತ್ತರ ಯಾರು ಕೇಳ್ಯಾರ? ಸೀರಿ ಉಡೂದು ನಡದಿಂದ ಕೆಳಗ. ಅದನ್ನಷ್ಟ ಅಳೀಬೇಕು."

ನನ್ನನ್ನು ಅಳೆಯುವವರೆಲ್ಲ ನೆತ್ತಿಯನ್ನೇ ನೋಡಿದ್ದರು. ಮೌಶಿ ಸೊಂಟದಿಂದ ಹಿಮ್ಮಡಿಯವರೆಗೆ ಟೇಪು ಇಳಿಬಿಟ್ಟಳು, ಹೆಗಲಿನಿಂದ ಹೆಗಲಿಗೆ ಹಿಡಿದಳು. ಆಮೇಲೆ ನಿನ್ನೆಯ ಕಿತ್ತಳೆ ಹೂವಿನ ಸೀರೆಯನ್ನು ಹಗ್ಗದ ಮೇಲೆ ನೋಡಿ ಹಣೆ ಚಚ್ಚಿಕೊಂಡಳು.

"ಇದನ್ನ ಉಟ್ಟು ಹೋಗಿದ್ದೇನ? ಮಂದಿ ಹೂವಾ ನೋಡ್ತಾರ, ನಿನ್ನ ನೋಡೂದಿಲ್ಲ. ಆಮ್ಯಾಲೆ ಇಷ್ಟು ಅರಬಿ ಹೊಟ್ಟಿ ಮ್ಯಾಲೆ ತುರಕಿದ್ರ ಗಂಟು ಕಟ್ಟಿ ಇಟ್ಟಂಗ ಕಾಣ್ತಿ. ತಲಿ ಮ್ಯಾಲೆ ಅಷ್ಟ ದೊಡ್ಡ ತುರುಬು ಯಾಕ? ಕುತಿಗಿ ಕಾಣ್ಬೇಕವಾ, ಕುತಿಗಿ. ತುರುಬು ಸಣ್ಣದು, ಕೆಳಗ ಹಾಕು. ಒಂದ ಬಣ್ಣ, ಸಣ್ಣ ಅಂಚು, ಜಂಪರೂ ಅದ ಬಣ್ಣದ್ದು. ಕಣ್ಣು ಮ್ಯಾಲಿಂದ ಕೆಳಗ ಎಲ್ಲೂ ನಿಂದರಬಾರ್ದು, ಸರಾಗ ಇಳೀಬೇಕು. ನಿರಿಗಿ ಸಣ್ಣು ಹಿಡಿ, ಐದು ಸಾಕು. ಸೆರಗು ಮಣಕಾಲ ತನಕ ಉದ್ದ ಬಿಡು."

ನಾನು ದೊಡ್ಡವಳಾಗಿ ಕಾಣಲು ಮಾಡಿದ್ದೆಲ್ಲವೂ ನನ್ನನ್ನು ಇನ್ನಷ್ಟು ಚಿಕ್ಕವಳನ್ನಾಗಿ ಮಾಡಿತ್ತು ಎಂದು ತಿಳಿದು ನಾಚಿಕೆಯಾಯಿತು, ಒಳಗೊಳಗೇ ಸಮಾಧಾನವೂ ಆಯಿತು. ತಪ್ಪು ನನ್ನ ಮೈಯದಲ್ಲ, ಸೀರೆಯದು! ಆದರೆ ಒಂದೇ ಬಣ್ಣದ, ಸಣ್ಣ ಅಂಚಿನ ಸೀರೆಗೆ ಎಲ್ಲಿ ಹೋಗುವುದು? ಹಿಂದಿನ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದ ಅಮ್ಮ ಎದ್ದು ಹೋಗಿ ಟ್ರಂಕಿನ ಮುಚ್ಚಳ ತೆಗೆದಳು. ಎಲ್ಲಕ್ಕಿಂತ ಕೆಳಗಿನಿಂದ ಬದನೆ ಬಣ್ಣದ ಸೀರೆಯನ್ನು ಎಳೆದು ಮೌಶಿಯ ತೊಡೆಯ ಮೇಲಿಟ್ಟಳು. ನುಸಿಗುಳಿಗೆಯ ವಾಸನೆ ಖೋಲಿಯನ್ನೆಲ್ಲ ತುಂಬಿತು. ಮೌಶಿ ಸೀರೆಯ ಅಗಲ ಅಳೆದು, ನನ್ನ ಅಳತೆಯನ್ನು ಅದರಿಂದ ಕಳೆದಳು.

"ಅಕ್ಕಾರ, ಕತ್ತರಿ ಕೊಡ್ರಿ. ಮ್ಯಾಲಿಂದ ನಾಕು ಬೆರಳು ತಗದ ಬಿಡ್ತೀನಿ, ಬರೋಬರಿ ಕೂಡ್ತೈತಿ."

"ಹೊಸ ಸೀರೆಗೆ ಕತ್ತರಿಯಾ? ಒಂದು ಸಲವೂ ಉಟ್ಟಿಲ್ಲ ಮಗು!" ಅಮ್ಮ ಸೀರೆಯನ್ನು ಕಸಿದುಕೊಂಡಳು. ಉಡದ ಸೀರೆಗೆ ಕತ್ತರಿ ತಾಗಿಸುವುದು ಅವಳ ಪಾಲಿಗೆ ಆಗದ ಮಾತು. "ಜಂಪರಿನ ಬಟ್ಟೆಯನ್ನು ತುದಿಯಿಂದ ಹರಿದು ಕೊಡ್ತೇನೆ, ಅದನ್ನು ನೀವು ಹೊಲೀರಿ. ಅವಳ ಅಳತೆಗೆ ಹೊಲೀರಿ, ಒಳಗೆ ಬಟ್ಟೆ ಬಿಡ್ಬೇಡಿ. ಇದನ್ನು ನಾನು ನೋಡಿಕೊಳ್ತೇನೆ."

ಶುಕ್ರವಾರ ಇಡೀ ಮಧ್ಯಾಹ್ನ ನಾನು ಮೌಶಿಯ ಖೋಲಿಯಲ್ಲಿ ರವಿಕೆ ತೊಟ್ಟು ಬಿಚ್ಚಿ, ತೊಟ್ಟು ಬಿಚ್ಚಿ ನಿಂತಿದ್ದೆ. ಮನೆಗೆ ಬಂದಾಗ ಸೀರೆ ಮಡಿಸಿ ಮಂಚದ ಮೇಲಿತ್ತು. ಅಮ್ಮ ಅಂಚಿನ ಸ್ವಲ್ಪ ಮೇಲೆ ಬಟ್ಟೆಯನ್ನು ಒಳಮುಖವಾಗಿ ಮಡಿಸಿ, ಉದ್ದಕ್ಕೂ ಹೊಲಿದು, ಸೆರಗು ಬರುವಷ್ಟರಲ್ಲಿ ಮಡಿಕೆಯನ್ನು ಕಿರಿದು ಮಾಡುತ್ತ ಇಲ್ಲವಾಗಿಸಿದ್ದಳು. ಒಳಗಿನಿಂದ ಫಾಲ್ ಹಚ್ಚಿ ಮುಚ್ಚಿದ್ದಳು. ನನ್ನ ಲಂಗಗಳ ಅದೇ ಮಡಿಕೆ, ಇನ್ನೂ ಹೋಗಿಲ್ಲವಲ್ಲ ಇವಳ ಹುಚ್ಚು ಎಂದುಕೊಂಡೆ. ಶನಿವಾರ ಬೆಳಗ್ಗೆ ಮೌಶಿಯೇ ಉಡಿಸಿದಳು. ಸೊಂಟದಲ್ಲಿ ತುರುಕಲು ಹೆಚ್ಚಿನ ಬಟ್ಟೆಯೇ ಇರಲಿಲ್ಲ. ಹೊಟ್ಟೆಯ ಮೇಲೆ ಗಂಟಿಲ್ಲ, ಏನಿಲ್ಲ. ಮಡಿಕೆಯ ಭಾರಕ್ಕೆ ನಿರಿಗೆಗಳು ನೆಟ್ಟಗೆ ಇಳಿದು, ಬರಿಗಾಲಿನ ಬೆರಳುಗಳ ಮೇಲೆ ಬಂದು ನಿಂತವು. ಚಪ್ಪಲಿ ಬಿಟ್ಟು ಉಡಿಸಿದ್ದಳು, ಈ ಸಲ ಯಾರೂ ಮರೆಯಲಿಲ್ಲ. ಕಿಟಕಿಯ ಗಾಜಿನಲ್ಲಿ ನೋಡಿಕೊಂಡೆ. ಎತ್ತರವಾಗಿರಲಿಲ್ಲ. ಆದರೆ ಅಲ್ಲಿ ನಿಂತಿದ್ದವಳು ಹುಡುಗಿಯಲ್ಲ, ಒಬ್ಬ ಹೆಂಗಸು, ಅದೂ ಚೆಂದದ ಹೆಂಗಸು. ಹೀಗೆ ನನ್ನನ್ನು ನಾನೇ ಹೊಗಳಿಕೊಳ್ಳುವುದಕ್ಕೆ ಓದುವವರು ಕ್ಷಮಿಸಬೇಕು, ಅಷ್ಟು ವರ್ಷದ ಬಾಕಿ ಅದು.

ಅಪ್ಪ ಹೊಸ್ತಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಅವರ ಕರಾರಿನ ಆ ಒಂದು ಸಲ ಮುಗಿದಿತ್ತು, ಇನ್ನೊಮ್ಮೆ ಕಳಿಸುವ ಮಾತು ಅವರು ಆಡಿರಲಿಲ್ಲ.

"ಇವಳಮ್ಮನ ಹಾಗೆಯೇ ಕಾಣ್ತದೆ," ಎಂದರು ಯಾರಿಗೋ ಹೇಳುವಂತೆ. ಆಮೇಲೆ ನನಗೆ ಹೇಳಿದರು: "ನನಗೆ ಹೋಟೆಲಿಗೆ ಹೊತ್ತಾಯ್ತು. ನೀನೇ ಹೋಗಿ ಬರ್ತೀಯಲ್ಲ?"

ಹಾಗೆ ನಾನು ಮೊದಲ ಸಲ ಒಬ್ಬಳೇ ಲೋಕಲ್ ಹತ್ತಿದೆ. ಭಾಂಡುಪಿನಲ್ಲಿ ಚಪ್ಪಲಿಗಳ ಸಾಲಿನಲ್ಲಿ ನನ್ನದನ್ನೂ ಬಿಟ್ಟು, ಇದ್ದಷ್ಟೇ ಎತ್ತರದಲ್ಲಿ ಒಳಗೆ ಹೋದೆ. ಹೆಡ್ ಬಾಯಿ ಮಕ್ಕಳ ಕಡೆ ಕೈ ತೋರಿಸಿದರು. ಕೂತೆ, ಎದ್ದೆ, ಒಬ್ಬನ ಮೂಗು ಒರೆಸಲು ಮತ್ತೆ ಕೂತೆ, ಓಡುತ್ತಿದ್ದ ಇನ್ನೊಬ್ಬಳನ್ನು ಹಿಡಿಯಲು ಎದ್ದು ಓಡಿದೆ. ನಿರಿಗೆ ಅಲುಗಲಿಲ್ಲ. ಮಕ್ಕಳ ಕಣ್ಣಿನ ಮಟ್ಟಕ್ಕೆ ಬರಲು ನಾನು ಉಳಿದವರಷ್ಟು ಬಗ್ಗಬೇಕಾಗಿರಲಿಲ್ಲ ಎನ್ನುವುದನ್ನು ಬಾಯಿಯೂ ಗಮನಿಸಿದರು. ಸೋಮವಾರದಿಂದ ಬನ್ನಿ ಎಂದರು. ಹೋದ ಸಲ ನನ್ನನ್ನು "ಬಾ" ಎಂದವರು ಈಗ "ಬನ್ನಿ" ಎಂದದ್ದನ್ನು ನಾನು ಮುಲುಂಡ್ ಬರುವ ತನಕ ನೆನೆಸಿಕೊಂಡು ನಕ್ಕೆ. ಪಕ್ಕದಲ್ಲಿ ಕೂತಿದ್ದ ಮೀನು ಮಾರುವ ಹೆಂಗಸು ತನ್ನ ಬುಟ್ಟಿ ಸರಿಸಿಕೊಂಡು, ತಾನೂ ಸುಮ್ಮನೆ ನಕ್ಕಳು.

ಮನೆಗೆ ಬಂದಾಗ ಅಮ್ಮ ಚೌಕಟ್ಟಿನ ಆಚೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೆಲಸ ಸಿಕ್ಕಿತು ಎಂದೆ. ಅವಳು ತಲೆಯೆತ್ತದೆ ಹೂಂ ಎಂದಳು, ಆದರೆ ಅವಳ ಕೈ ನಿಂತಿತು, ಎರಡು ಉಸಿರಿನ ಹೊತ್ತು ನಿಂತೇ ಇತ್ತು. ನಾನು ಸೀರೆ ಬದಲಿಸದೆ ಅವಳ ಎದುರು ಗೋಡೆಗೊರಗಿ ಕೂತೆ. ಮೈಯೆಲ್ಲ ಹಗುರಾಗಿತ್ತು. ಹಳೆಯ ಅಭ್ಯಾಸದಂತೆ ಕೈ ತಾನಾಗಿ ಸೀರೆಯ ಅಂಚಿಗೆ ಹೋಯಿತು. ಉಗುರಿಗೆ ಸಿಕ್ಕಿಸಲು ಸಡಿಲ ದಾರ ಹುಡುಕಿದೆ. ಸಿಗಲಿಲ್ಲ. ಅಂಚನ್ನು ಹತ್ತಿರ ತಂದು ನೋಡಿದೆ. ಬಿಳಿ ದಾರ ಎಲ್ಲೂ ಇರಲಿಲ್ಲ. ಬದನೆ ಬಣ್ಣದ ದಾರ, ಎಳ್ಳುಕಾಳಿನಷ್ಟು ಸಣ್ಣ ಹೊಲಿಗೆ, ಹೊಲಿದದ್ದರ ಮೇಲೆ ಮತ್ತೊಮ್ಮೆ ಹೊಲಿಗೆ, ಕೊನೆಯಲ್ಲಿ ಗಟ್ಟಿಯಾಗಿ ಎರಡು ಗಂಟು.

"ಅಮ್ಮ, ಇದನ್ನು ಬಿಚ್ಚುವುದು ಹೇಗೆ?"

ಅಮ್ಮ ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟಳು.

"ಯಾಕೆ ಬಿಚ್ಚುವುದು? ನಿನ್ನ ಅಳತೆಗೇ ಹೊಲಿದದ್ದಲ್ಲವಾ."